ಲೇಸರ್ ರೇಂಜ್ ಫೈಂಡರ್: ಕೊಡಗಿನ ಮಳೆ, ಮಂಜು, ನೆರಳಿನಲ್ಲಿ ಬಳಸಿದ ಮೇಲೆ

ಲೇಸರ್ ಕಿರಣ ಬಿಟ್ಟು ದೂರ ಅಳೆಯುವ ಈ ಉಪಕರಣದ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 1000 ಗಜ ಎಂದಿರುತ್ತದೆ. ಅದು ಹೊಳೆಯುವ ಫಲಕಕ್ಕೆ ಹೇಳಿದ ಲೆಕ್ಕ. ಒದ್ದೆ ಮರದ ಕಾಂಡಕ್ಕೆ ಅದರ ಅರ್ಧ ಸಿಕ್ಕರೆ ಪುಣ್ಯ, ಗಾಲ್ಫ್ ಬಾವುಟಕ್ಕೆ ಇನ್ನೂ ಕಡಿಮೆ. ಕಾಫಿ ತೋಟದೊಳಗೆ 200 ಮೀಟರ್ ನೇರ ನೋಟ ಸಿಗುವುದೇ ಅಪರೂಪ, ದೂರಕ್ಕೆಂದು ಹೆಚ್ಚು ದುಡ್ಡು ಸುರಿಯಬೇಡಿ.

ನೋಡಬೇಕಾದ್ದು ಗುರಿ ಆರಿಸುವ ಮೋಡ್. ಕಿರಣ 2 ಮಿಲಿರೇಡಿಯನ್ (ಕೋನದ ಸಣ್ಣ ಅಳತೆ) ಹರಡಿದರೂ 100 ಮೀಟರಿನಲ್ಲಿ 20 ಸೆಂಟಿಮೀಟರ್ ಅಗಲವಾಗುತ್ತದೆ. ಬಾವುಟದ ಕೋಲು ಅದರೊಳಗೆ ಒಂದು ಗೆರೆಯಷ್ಟೇ, ಉಳಿದ ಬೆಳಕೆಲ್ಲ ಹಿಂದಿನ ಸಿಲ್ವರ್ ಓಕ್‌ಗೆ ಬಡಿದು ವಾಪಸ್ ಬರುತ್ತದೆ. ಗಾಲ್ಫಿಗೆ ಹತ್ತಿರದ ಗುರಿಯನ್ನು ಹಿಡಿಯುವ ಮೋಡ್ ಬೇಕು. ಎಲೆ ಸಂದಿಯಿಂದ ಅಳೆಯುವವರಿಗೆ ದೂರದ್ದನ್ನು ಹಿಡಿಯುವುದು. ಎರಡೂ ಇರುವ ಉಪಕರಣವೇ ಲೇಸು. ಎದುರಿಗೆ ಏನೂ ಇಲ್ಲದಿದ್ದರೂ 12, 15 ಮೀಟರ್ ಎಂದು ತೋರಿಸಿದರೆ ಅದು ಕೆಟ್ಟಿಲ್ಲ, ಮಂಜಿನ ಹನಿಯನ್ನೇ ಅಳೆಯುತ್ತಿದೆ. ತೆಳು ಮಂಜಿಗೆ ದೂರದ ಮೋಡ್ ಸಾಕು. ಕಣ್ಣಿಗೇ ಕಾಣದಷ್ಟು ದಟ್ಟವಾದರೆ ಎಷ್ಟು ದುಬಾರಿಯದೂ ಸೋಲುತ್ತದೆ.

ಏರು-ಇಳಿವಿನ ಲೆಕ್ಕದಲ್ಲಿ ಹಲವರು ಮೋಸ ಹೋಗುತ್ತಾರೆ. ಬಿಲ್ಲುಗಾರಿಕೆಯ ಮೋಡ್ ಸಮತಲದ ಅಡ್ಡ ದೂರವನ್ನು ಕೊಡುತ್ತದೆ: 25 ಡಿಗ್ರಿ ಏರಿನಲ್ಲಿ 50 ಮೀಟರ್ ಇದ್ದದ್ದು 45 ಆಗುತ್ತದೆ, ಇಳಿಜಾರಿನಲ್ಲೂ ಅಷ್ಟೇ. ಗಾಲ್ಫಿನದು ಏರಿಗೆ ಕೂಡಿಸುತ್ತದೆ, ಇಳಿಜಾರಿಗೆ ಕಳೆಯುತ್ತದೆ. ಗಾಲ್ಫ್ ಉಪಕರಣ ಹಿಡಿದು ಗುಡ್ಡದ ಮೇಲಿನ ಗುರಿಗೆ ಬಾಣ ಬಿಟ್ಟರೆ ಅದರ ತಲೆ ಮೇಲೆಯೇ ಹಾರಿಹೋಗುತ್ತದೆ. (ಕೊಡವರ ಆಯುಧ ಹಬ್ಬ ಕೈಲ್ ಮುಹೂರ್ತದ ತೆಂಗಿನಕಾಯಿಗೆ ಕೋವಿ ಹಿಡಿಯುವವರಿಗೆ ಇದರ ಗೊಡವೆಯೇ ಬೇಡ.) ಗಾಲ್ಫ್ ಸ್ಪರ್ಧೆಯಲ್ಲಿ 2019ರಿಂದ ದೂರ ಅಳೆಯಲು ಅಡ್ಡಿಯಿಲ್ಲ, ಸ್ಥಳೀಯ ನಿಯಮ ಬೇಡವೆಂದರೆ ಬೇರೆ ಮಾತು; ಏರಿಳಿತ ಅಳೆಯುವಂತಿಲ್ಲ. ಅದನ್ನು ಆಫ್ ಮಾಡುವ ಸ್ವಿಚ್ ಹೊರಗೇ ಇರಲಿ.

ತೋಟದ ನೆರಳಿನಲ್ಲಿ ಕಪ್ಪು ಅಂಕಿ ಕಾಣುವುದಿಲ್ಲ, ಕೆಂಪು ಅಂಕಿಯದನ್ನೇ ಕೊಳ್ಳಿ. ನೀರು ತಡೆಯುವ ದರ್ಜೆ ಐಪಿಎಕ್ಸ್4 ಎಂದರೆ ಬರೀ ಸಿಡಿತಕ್ಕೆ. ಇಲ್ಲಿಯ ಜುಲೈಗೆ ಐಪಿಎಕ್ಸ್7 ಬೇಕು.

ಮಳೆಗಿಂತ ದೊಡ್ಡ ಶತ್ರು ಬೂಷ್ಟು. ಒದ್ದೆ ಚೀಲದಲ್ಲೇ ಬಿಟ್ಟರೆ ಲೆನ್ಸಿನೊಳಗೆ ಜೇಡರ ಬಲೆಯಂತೆ ಹಬ್ಬುತ್ತದೆ, ಆಮೇಲೆ ಬಿಚ್ಚಿ ಒರೆಸುವುದು ಮನೆಯಲ್ಲಾಗುವ ಕೆಲಸವಲ್ಲ. ಒರೆಸಿ, ಒಂದು ರಾತ್ರಿ ಗಾಳಿಗಿಟ್ಟು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡಿ. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಬೇಕು. ತಿಂಗಳುಗಟ್ಟಲೆ ಮುಟ್ಟದಿದ್ದರೆ ಸಿಆರ್2 ಸೆಲ್ ತೆಗೆದಿಡಿ.

ಕೊಳ್ಳುವ ಮುಂಚೆ ಅಂಗಡಿಯಿಂದ ಹೊರಗೆ ತಂದು, ಬೇಲಿ ಸಂದಿನಿಂದ ಆಚೆಯ ಲೈಟ್ ಕಂಬಕ್ಕೆ ಹತ್ತು ಸಲ ಒತ್ತಿ. ಎಂಟು ಸಲವಾದರೂ ಒಂದು ಮೀಟರ್ ಆಚೀಚೆ ಅದೇ ಅಂಕಿ ಬರದಿದ್ದರೆ ಅಲ್ಲೇ ವಾಪಸ್ ಕೊಡಿ.