ಎಲೆಸಾರದ ಪರೀಕ್ಷೆಗೆ ಮುಲ್ಲರ್-ಹಿಂಟನ್ ಅಗಾರ್: ಎಲ್ಲಿ ಸೈ, ಎಲ್ಲಿ ಸಾಲದು

ದೊಡ್ಡಪತ್ರೆ, ತುಳಸಿ, ಬೇವು, ಸೀಬೆ ಎಲೆ. ಮೈಕ್ರೋಬಯಾಲಜಿ ಪ್ರಾಜೆಕ್ಟ್ ಎಂದರೆ ನಮ್ಮ ಕಾಲೇಜುಗಳಲ್ಲಿ ಮೊದಲು ಕೈಗೆ ಬರುವ ಎಲೆಗಳು ಇವೇ. ಇವುಗಳ ಸಾರ ಬ್ಯಾಕ್ಟೀರಿಯಾವನ್ನು ತಡೆಯುತ್ತದೆಯೇ ಎಂದು ನೋಡಲು ಬಳಸುವ ಮಾಧ್ಯಮವೂ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ತಳ) ಹೆಚ್ಚುಕಮ್ಮಿ ಒಂದೇ. ಹೈಮೀಡಿಯಾ ಕಂಪನಿಯ ಎಂ173, ಅಂದರೆ ಮುಲ್ಲರ್-ಹಿಂಟನ್ ಅಗಾರ್ ಪುಡಿ, ಈ ಕೆಲಸಕ್ಕೆ ಧೈರ್ಯವಾಗಿ ಕೊಳ್ಳಬಹುದಾದ ಸಾಮಗ್ರಿ. ಆದರೆ ಅದರ ಮೇಲೆ ಮೂಡುವ ಝೋನ್ (ಬ್ಯಾಕ್ಟೀರಿಯಾ ಬೆಳೆಯದ ವೃತ್ತ) ನೋಡಿ ಎಲೆಯ ಬಲ ಅಳೆಯಲು ಹೋದರೆ ಲೆಕ್ಕ ತಪ್ಪುತ್ತದೆ.

ತಯಾರಿ ಸರಳ. ಲೀಟರಿಗೆ 38 ಗ್ರಾಂ, ಅಂದರೆ 100 ಮಿಲಿ ಡಿಸ್ಟಿಲ್ಡ್ ನೀರಿಗೆ 3.8 ಗ್ರಾಂ. ಪುಡಿ ಪೂರ್ತಿ ಕರಗುವವರೆಗೆ ಕುದಿಸಿ, 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ) ಮಾಡಬೇಕು. ಪಿಎಚ್ 7.3ರ ಆಸುಪಾಸಿನಲ್ಲಿರಬೇಕು. 45ರಿಂದ 50 ಡಿಗ್ರಿಗೆ ಆರಿದ ಮೇಲೆಯೇ ಸುರಿಯಿರಿ. ಬಿಸಿಯಲ್ಲೇ ಸುರಿದರೆ ಮುಚ್ಚಳದಲ್ಲಿ ಬೆವರು ಕೂತು, ಹನಿ ಬಿದ್ದ ಕಡೆ ಬೆಳವಣಿಗೆ ಹರಡಿ ಝೋನಿನ ಅಂಚು ಕೆಡುತ್ತದೆ. 90 ಮಿಮೀ ಪ್ಲೇಟಿಗೆ 25 ಮಿಲಿ ಹಾಕಿದರೆ ದಪ್ಪ 4 ಮಿಮೀ ಬರುತ್ತದೆ. ಪುಡಿ ಉಳಿಸಲು 15 ಮಿಲಿಗೆ ಇಳಿಸುವವರಿದ್ದಾರೆ, ಅದು ಬೇಡ: ಅಗಾರ್ ತೆಳುವಾದಷ್ಟೂ ಝೋನ್ ಸುಳ್ಳೇ ದೊಡ್ಡದಾಗುತ್ತದೆ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಪುಡಿ ತೇವ ಹೀರುತ್ತದೆ, ಮಳೆಗಾಲದಲ್ಲಿ ಬೇಗ ಗಂಟುಕಟ್ಟುತ್ತದೆ.

ಹೊಸ ಡಬ್ಬಿ ತೆರೆದಾಗ ಮೊದಲು ಇ. ಕೋಲೈ ಬ್ಯಾಕ್ಟೀರಿಯಾದ ಪ್ರಮಾಣಿತ ತಳಿ ಎಟಿಸಿಸಿ 25922 ಸವರಿ, 10 ಮೈಕ್ರೋಗ್ರಾಂ ಜೆಂಟಮೈಸಿನ್ ಎಂಬ ಆಂಟಿಬಯಾಟಿಕ್ ಇರುವ ಡಿಸ್ಕ್ ಇಟ್ಟು ನೋಡಿ. ಝೋನ್ 19ರಿಂದ 26 ಮಿಮೀ ಒಳಗೆ ಬಂದರೆ ಮಾಧ್ಯಮವೂ ನಿಮ್ಮ ಕೈಯೂ ಸರಿಯಿದೆ ಎಂದರ್ಥ. ಬ್ಯಾಕ್ಟೀರಿಯಾ ದ್ರಾವಣ 0.5 ಮ್ಯಾಕ್‌ಫಾರ್ಲೆಂಡ್ (ಕಲಕು ಅಳೆಯುವ ಮಾನಕ) ಕಲಕಿಗೇ ಹೊಂದಬೇಕು, ಅದನ್ನು 15 ನಿಮಿಷದೊಳಗೆ ಸವರಿ ಮುಗಿಸಬೇಕು.

ತೊಡಕು ಶುರುವಾಗುವುದು ಎಲೆಸಾರ ಬಂದಾಗ. 1941ರಲ್ಲಿ ಮುಲ್ಲರ್ ಮತ್ತು ಹಿಂಟನ್ ಈ ಮಾಧ್ಯಮವನ್ನು ರೂಪಿಸಿದ್ದು ಗೊನೊಕಾಕಸ್, ಮೆನಿಂಗೊಕಾಕಸ್ ಬೆಳೆಸಲು. ಆಮೇಲೆ ಅದು ಆಂಟಿಬಯಾಟಿಕ್ ಡಿಸ್ಕ್ ಪರೀಕ್ಷೆಯ ಮಾನದಂಡವಾಯಿತು. ಜೆಂಟಮೈಸಿನ್ ನೀರಲ್ಲಿ ಕರಗಿ ಅಗಾರಿನೊಳಗೆ ಸಲೀಸಾಗಿ ಹರಡುತ್ತದೆ. ದೊಡ್ಡಪತ್ರೆಯ ಕಾರ್ವಕ್ರಾಲ್, ತುಳಸಿಯ ಯೂಜಿನಾಲ್ ಎಣ್ಣೆಯ ಜಾತಿಯವು. ಅವು ಅಗಾರಿನಲ್ಲಿ ಹೆಚ್ಚು ದೂರ ಹೋಗುವುದಿಲ್ಲ, ಒಂದಷ್ಟು ಆವಿಯಾಗಿ ಮುಚ್ಚಳದೊಳಗೆ ಸುತ್ತುತ್ತವೆ. ಪಕ್ಕದ ವೆಲ್‌ನ (ಸಾರ ಹಾಕಲು ಅಗಾರಿನಲ್ಲಿ ಕೊರೆದ ಕುಳಿಯ) ಝೋನನ್ನೂ ಕದಡಬಹುದಾದ್ದರಿಂದ ಇವಕ್ಕೆ ಬೇರೆಯೇ ಪ್ಲೇಟ್ ಇಡಿ. ಸೀಬೆ ಎಲೆಯ ಟ್ಯಾನಿನ್‌ಗಳದು ಇನ್ನೊಂದು ಕಥೆ: ಅಣು ದೊಡ್ಡದು, ನಡಿಗೆ ನಿಧಾನ. ಹಾಗಾಗಿ ತುಳಸಿಗೆ 9 ಮಿಮೀ, ಬೇವಿಗೆ 14 ಮಿಮೀ ಬಂತೆಂದು ಬೇವೇ ಮೇಲು ಎಂದು ಬರೆಯುವಂತಿಲ್ಲ.

ಹಾಗೆಂದು ವೆಲ್ ವಿಧಾನ ಬಿಡಬೇಕಿಲ್ಲ, ಮೊದಲ ಜರಡಿಗೆ ಅದು ಸಾಕು. ಮೆಥನಾಲ್ ಸಾರವನ್ನು 40 ಡಿಗ್ರಿ ಮೀರದಂತೆ ಪೂರ್ತಿ ಒಣಗಿಸಿ, ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಮಿಲಿಗೆ 100 ಮಿಗ್ರಾಂ ಕರಗಿಸಿಕೊಳ್ಳಿ. 6 ಮಿಮೀ ಬೋರರ್‌ನಿಂದ ವೆಲ್ ಕೊರೆದು ತಲಾ 50 ಮೈಕ್ರೋಲೀಟರ್ ಹಾಕಿದರೆ ವೆಲ್‌ಗೆ 5 ಮಿಗ್ರಾಂ ಸಾರ ಬೀಳುತ್ತದೆ. ಕೊರೆದ ಅಗಾರ್ ಬಿಲ್ಲೆ ಎತ್ತುವಾಗ ಸುತ್ತಲಿನ ಅಗಾರ್ ತಳಬಿಟ್ಟರೆ ಸಾರ ಅಡಿಯಲ್ಲಿ ನುಸುಳಿ ಝೋನ್ ಸೊಟ್ಟಗಾಗುತ್ತದೆ. ಕರಗಿದ ಅಗಾರಿನ ಒಂದು ಹನಿಯಿಂದ ತಳ ಮುಚ್ಚಿ. ಅಷ್ಟೇ ಪ್ರಮಾಣದ ಬರೀ ಡಿಎಂಎಸ್‌ಒ ಇರುವ ವೆಲ್ ಪ್ರತಿ ಪ್ಲೇಟಿನಲ್ಲೂ ಇರಲೇಬೇಕು. ಓದುವಾಗ ಪ್ಲೇಟಿನ ಹಿಂಬದಿಯಿಂದ, ಕಪ್ಪು ಹಿನ್ನೆಲೆಯಲ್ಲಿ ನೋಡಿ. ವೆಲ್ ಸುತ್ತ ಹರಡಿದ ಕ್ಲೋರೋಫಿಲ್‌ನ ಹಸಿರು ಕಲೆಯನ್ನು, ಡಿಎಂಎಸ್‌ಒ ನೀರು ಸೇರಿದಾಗ ಒಡೆದು ಕೂರುವ ಬಿಳಿ ಉಂಗುರವನ್ನು ಝೋನ್ ಎಂದು ಅಳೆದ ಕೋಷ್ಟಕಗಳು ಬೇಕಾದಷ್ಟಿವೆ.

ನಿಜವಾದ ಹೋಲಿಕೆಗೆ ಎಂಐಸಿ (ಬೆಳವಣಿಗೆ ತಡೆಯಬಲ್ಲ ಅತಿ ಕಡಿಮೆ ಸಾಂದ್ರತೆ) ಬೇಕು. ಅದಕ್ಕೆ ಇದೇ ಬಗೆಯ ಬ್ರಾತ್ (ಅಗಾರ್ ಇಲ್ಲದ ದ್ರವ ಮಾಧ್ಯಮ) ಸಿಗುತ್ತದೆ, ಲೀಟರಿಗೆ 21 ಗ್ರಾಂ. ಹಸಿರು ಸಾರದಲ್ಲಿ ಕಲಕು ಕಾಣದ ಕಾರಣ ರಿಸಾಜುರಿನ್ ಎಂಬ ನೀಲಿ ಬಣ್ಣ ಹಾಕುತ್ತಾರೆ. ನೀಲಿ ಗುಲಾಬಿಯಾದರೆ ಬ್ಯಾಕ್ಟೀರಿಯಾ ಜೀವಂತ. ಆದರೆ ಫೀನಾಲಿಕ್ ಅಂಶ ಹೆಚ್ಚಿರುವ ಸಾರ ಬ್ಯಾಕ್ಟೀರಿಯಾ ಇಲ್ಲದೆಯೂ ಅದನ್ನು ಗುಲಾಬಿ ಮಾಡಬಲ್ಲದು. ಸಾರ ಮತ್ತು ಬ್ರಾತ್ ಮಾತ್ರ ಇರುವ ಒಂದು ಸಾಲು ಇಡದಿದ್ದರೆ ಒಳ್ಳೆಯ ಎಲೆಯೂ ನಿಷ್ಪ್ರಯೋಜಕ ಎನ್ನಿಸಿಕೊಳ್ಳುತ್ತದೆ.

ಕ್ಯಾಂಡಿಡಾ ಎಂಬ ಶಿಲೀಂಧ್ರದ ಮೇಲೆ ಪರೀಕ್ಷಿಸುವವರು ಈ ಅಗಾರಿಗೆ ಶೇ 2 ಗ್ಲೂಕೋಸ್, ಮಿಲಿಗೆ 0.5 ಮೈಕ್ರೋಗ್ರಾಂ ಮಿಥಿಲೀನ್ ಬ್ಲೂ ಸೇರಿಸಿಕೊಳ್ಳಬೇಕು. ಕೊಳ್ಳುವುದಾದರೆ 100 ಗ್ರಾಂ ಡಬ್ಬಿ ಸಾಕು. ಅದರಿಂದ 2.6 ಲೀಟರ್, ಅಂದರೆ ನೂರು ಪ್ಲೇಟ್ ಆಗುತ್ತದೆ. ನಾಲ್ಕು ಎಲೆ, ಮೂರು ಬ್ಯಾಕ್ಟೀರಿಯಾ, ಮೂರು ಸಲದಂತೆ ಎಲೆಗೊಂದು ಪ್ಲೇಟ್ ಇಟ್ಟರೂ 36 ದಾಟುವುದಿಲ್ಲ. 500 ಗ್ರಾಂ ತಂದಿಟ್ಟರೆ ತೆರೆದ ಡಬ್ಬಿ ಮುಂದಿನ ಬ್ಯಾಚ್ ಬರುವ ಹೊತ್ತಿಗೆ ಗಟ್ಟಿಯಾಗಿರುತ್ತದೆ.