ಹೆಸರು ತೋರಿಸುವ ಆ್ಯಪ್‌ಗೆ ಚಂದಾ ಕಟ್ಟಿ ಕೋಲಾರದ ಮಂಡಿಯಲ್ಲಿ ಬಳಸಿದ ಮೇಲೆ

ಗೊತ್ತಿಲ್ಲದ ನಂಬರ್ ಬಂದರೆ ಎತ್ತಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಟೊಮೆಟೊ ಮಂಡಿ ಇಟ್ಟವರಿಗೆ ಆ ಮಾತು ಆಗಿಬರುವುದಿಲ್ಲ. ಕೋಲಾರ ಎಪಿಎಂಸಿಯಲ್ಲಿ ಸೀಸನ್ ಶುರುವಾಯಿತು ಅಂದರೆ ದಿನವಿಡೀ ಹೊಸ ನಂಬರ್‌ಗಳೇ. ಶ್ರೀನಿವಾಸಪುರ ಕಡೆಯ ರೈತರು, ಲೋಡ್ ಕೇಳುವ ಲಾರಿ ಡ್ರೈವರ್‌ಗಳು, ದೆಹಲಿ ಕೋಲ್ಕತ್ತಾ ಕಡೆಯ ವ್ಯಾಪಾರಿಗಳು. ಒಂದು ಕರೆ ತಪ್ಪಿದರೆ ಆ ಮಾಲು ಪಕ್ಕದ ಮಂಡಿಗೆ ಹೋಗುತ್ತದೆ. ಅದಕ್ಕೇ ಕರೆ ಮಾಡುವವರ ಹೆಸರು ತೋರಿಸುವ ಆ್ಯಪ್ ಹಾಕಿಕೊಂಡು, ವರ್ಷದ ಚಂದಾನೂ ಕಟ್ಟಿದೆ. ಯಾವ ಆ್ಯಪ್ ಅಂತ ಇಲ್ಲಿ ಹಾಕುವುದಿಲ್ಲ. ಫೀಚರ್ ಪಟ್ಟಿ ನೀವು ನೋಡೇ ಇರುತ್ತೀರಿ.

ಮೊದಮೊದಲು ನಿಜಕ್ಕೂ ಖುಷಿಯಾಯಿತು. ಹರಾಜಿನ ಗಲಾಟೆಯಲ್ಲಿ ಫೋನ್ ಜೇಬಿನಿಂದ ಅರ್ಧ ತೆಗೆದರೆ ಸಾಕು, ಕಾಟದ ಕರೆ ಅಂತ ಸ್ಕ್ರೀನ್ ಕೆಂಪಗಿದ್ದರೆ ಹಾಗೇ ಒಳಗೆ. ಸಾಲ ಬೇಕಾ, ಸೈಟು ಬೇಕಾ, ಷೇರು ಟಿಪ್ಸ್ ಬೇಕಾ ಅನ್ನುವವರ ಕಾಟ ಅರ್ಧಕ್ಕರ್ಧ ಕಡಿಮೆಯಾಯಿತು. ಹರಾಜು ಮುಗಿದು ರೈತರಿಗೆ ಪಟ್ಟಿ ಬರೆದುಕೊಟ್ಟ ಮೇಲೆ, ಖಾಲಿ ಬಾಕ್ಸ್ ಬೋರಲು ಹಾಕಿಕೊಂಡು ಕೂತು, ಟೀ ತರಿಸಿ, ಬೆಳಗ್ಗೆಯಿಂದ ಬಂದ ಕರೆಗಳನ್ನು ಒಂದೊಂದಾಗಿ ನೋಡುವುದು ನನಗೆ ಅಭ್ಯಾಸವೇ ಆಗಿಹೋಗಿದೆ. ಒಳ್ಳೆಯ ಡ್ರೈವರ್ ಆದರೆ ಹೆಸರು, ಊರು, ಲಾರಿ ಎಷ್ಟು ಚಕ್ರದ್ದು ಅಂತ ಸೇವ್ ಮಾಡುತ್ತೇನೆ. ಮೋಸದ ಕರೆ ಅನ್ನಿಸಿದರೆ ಆ್ಯಪ್‌ನಲ್ಲಿ ರಿಪೋರ್ಟ್ ಮಾಡಿ, ಸಂಚಾರ್ ಸಾಥಿ ವೆಬ್‌ಸೈಟ್‌ನ ಚಕ್ಷು ವಿಭಾಗದಲ್ಲೂ ಹಾಕುತ್ತೇನೆ. ಚಕ್ಷು ಕೇಂದ್ರ ದೂರಸಂಪರ್ಕ ಇಲಾಖೆಯದು, ದುಡ್ಡು ಇಲ್ಲ, 2024ರ ಮಾರ್ಚ್‌ನಿಂದ ಇದೆ. ನಮ್ಮ ಹುಡುಗ ಪಕ್ಕದಲ್ಲಿ ಬಾಕ್ಸ್ ಎಣಿಸುತ್ತಿರುತ್ತಾನೆ, ನಾನು ನಂಬರ್ ಓದುತ್ತಿರುತ್ತೇನೆ. ಆ ಸ್ವಲ್ಪ ಹೊತ್ತು ನನಗೆ ತುಂಬಾ ಇಷ್ಟ.

ಆಮೇಲೆ ಆ ಮಿಲಿಟರಿಯವನ ಕರೆ ಬಂತು.

ಸ್ಕ್ರೀನ್ ಮೇಲೆ ‘ಆರ್ಮಿ ಕ್ಯಾಂಟೀನ್’ ಅಂತ ಹೆಸರು, ಜೊತೆಗೆ ಯೂನಿಫಾರ್ಮ್ ಹಾಕಿದವರ ಫೋಟೋ. ಕೆಂಪು ಇಲ್ಲ, ಎಚ್ಚರಿಕೆ ಇಲ್ಲ, ಏನೂ ಇಲ್ಲ. ಫೋನ್ ಎತ್ತಿದ್ದು ನಮ್ಮ ಹುಡುಗ. ಕ್ಯಾಂಪಿಗೆ ನೂರು ಬಾಕ್ಸ್ ಬೇಕು, ರೇಟಿನ ಚೌಕಾಸಿ ಇಲ್ಲ, ಅಡ್ವಾನ್ಸ್ ಈಗಲೇ ಹಾಕುತ್ತೇವೆ ಅಂದರಂತೆ. ವಾಟ್ಸಾಪ್‌ಗೆ ಒಂದು ಕ್ಯೂಆರ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮ್ಮ ಖಾತೆಗೆ ಬರುತ್ತದೆ ಅಂದರು. ಹುಡುಗ ನನ್ನ ಹತ್ತಿರ ಓಡಿಬಂದು, ‘ಅಣ್ಣ, ಆರ್ಮಿ ಅಂತಾನೇ ತೋರಿಸ್ತಿದೆ, ಪಿನ್ ಹೇಳಿ’ ಅಂದ. ಫೋನ್ ಇಸ್ಕೊಂಡು ಕಟ್ ಮಾಡಿದೆ. ಯುಪಿಐನಲ್ಲಿ ದುಡ್ಡು ಬರುವುದಕ್ಕೆ ಪಿನ್ ಬೇಕಾಗಿಲ್ಲ, ಪಿನ್ ಕೇಳಿದರೆ ಅದು ನಮ್ಮ ಖಾತೆಯಿಂದ ಹೋಗುವ ದುಡ್ಡು. ಒಬ್ಬರು ಇನ್ನೊಬ್ಬರಿಗೆ ಯುಪಿಐನಲ್ಲೇ ದುಡ್ಡು ಕೇಳಿ ಕಲೆಕ್ಟ್ ರಿಕ್ವೆಸ್ಟ್ ಕಳಿಸುವುದನ್ನು 2025ರ ಅಕ್ಟೋಬರ್‌ನಿಂದ ನಿಲ್ಲಿಸಿದ್ದಾರೆ ನಿಜ, ಆದರೆ ಕ್ಯೂಆರ್ ಕಳಿಸಿ ಯಾಮಾರಿಸುವುದು ನಿಂತಿಲ್ಲ.

ನನಗೆ ಸಿಟ್ಟು ಬಂದಿದ್ದು ಕಳ್ಳನ ಮೇಲಿಗಿಂತ ಜಾಸ್ತಿ ಆ್ಯಪ್ ಮೇಲೆ. ಇಂಥ ಆ್ಯಪ್‌ಗಳಲ್ಲಿ ಕಾಣುವ ಹೆಸರು ಆಧಾರ್ ನೋಡಿಯೋ ಸಿಮ್ ದಾಖಲೆ ನೋಡಿಯೋ ಬರುವುದಲ್ಲ. ಬಳಸುವವರು ತಾವೇ ಹಾಕಿಕೊಂಡದ್ದು, ಇಲ್ಲವೇ ಬೇರೆಯವರು ತಮ್ಮ ಫೋನ್‌ನಲ್ಲಿ ಸೇವ್ ಮಾಡಿಕೊಂಡದ್ದು. ಮೋಸಗಾರ ಹೊಸ ಸಿಮ್ ತಗೊಂಡು ಬೇಕಾದ ಹೆಸರು ಬರೆದುಕೊಂಡರೆ, ನಾಲ್ಕಾರು ಜನ ರಿಪೋರ್ಟ್ ಮಾಡುವವರೆಗೆ ಅವನು ಸಾಚಾನೇ. ಇನ್ನೊಂದು ಕಡೆ, ನಮಗೆ ಎಷ್ಟೋ ಲೋಡ್ ಸಾಗಿಸಿದ ಮುಳಬಾಗಿಲಿನ ಡ್ರೈವರ್ ಒಬ್ಬರು ಬಾಡಿಗೆಗಾಗಿ ಹತ್ತಾರು ಮಂಡಿಗೆ ಫೋನ್ ಮಾಡುತ್ತಾರೆ ಅಂತ ಯಾರ‍್ಯಾರೋ ಸ್ಪ್ಯಾಮ್ ಒತ್ತಿ, ಅವರ ನಂಬರ್ ಕೆಂಪಾಗಿದೆ. ‘ನಾನೇನು ಮೋಸ ಮಾಡಿದೆ ಸ್ವಾಮಿ’ ಅಂತ ಅವರು ಕೇಳಿದಾಗ ನನಗೆ ತುಂಬಾ ಬೇಜಾರಾಯಿತು. ಎರಡನ್ನೂ ಕಂಪನಿಗೆ ಬರೆದೆ. ಧನ್ಯವಾದ, ನಿಮ್ಮ ಅಭಿಪ್ರಾಯ ನಮಗೆ ಮುಖ್ಯ ಅಂತ ಎರಡಕ್ಕೂ ಒಂದೇ ಉತ್ತರ ಬಂತು.

ಅವತ್ತೇ ಅಮ್ಮನ ಫೋನ್‌ನಿಂದ ಆ್ಯಪ್ ತೆಗೆದೆ. ಸ್ಕ್ರೀನ್ ಮೇಲೆ ಬ್ಯಾಂಕ್ ಅಂತ ಬಂದರೆ ಅಮ್ಮ ಬ್ಯಾಂಕ್ ಅಂತಲೇ ನಂಬುತ್ತಾರೆ, ಅದೇ ನನಗೆ ಭಯ. ಅವರ ಫೋನ್‌ನಲ್ಲಿ ಡು ನಾಟ್ ಡಿಸ್ಟರ್ಬ್ ಹಾಕಿ, ಸೇವ್ ಆಗಿರುವವರ ಕರೆ ಮಾತ್ರ ರಿಂಗ್ ಆಗುವ ಹಾಗೆ ಮಾಡಿದ್ದೇನೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಪೊಲೀಸ್ ವೇಷದವರು ವಿಡಿಯೋ ಕರೆಯಲ್ಲಿ ಅರೆಸ್ಟ್ ಮಾಡುತ್ತೇವೆ ಅಂದರೆ ಕಟ್ ಮಾಡಮ್ಮ, ಡಿಜಿಟಲ್ ಅರೆಸ್ಟ್ ಅನ್ನುವುದು ಕಾನೂನಿನಲ್ಲೇ ಇಲ್ಲ ಅಂತಲೂ ಹೇಳಿಟ್ಟಿದ್ದೇನೆ. ಫೋನ್ ಹಿಂದೆ 1930 ಅಂತ ದಪ್ಪಗೆ ಬರೆದು ಅಂಟಿಸಿದ್ದೇನೆ. ಅದು ಸೈಬರ್ ವಂಚನೆಯ ಸಹಾಯವಾಣಿ, ದುಡ್ಡು ಹೋದರೆ ಮೊದಲು ಮಾಡಬೇಕಾದ ಕರೆ, ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಮಂಡಿಯಲ್ಲಿ ಈಗ ಹೆಸರಿಗಿಂತ ನಂಬರ್ ನೋಡುತ್ತೇನೆ. 140ರಿಂದ ಶುರುವಾದರೆ ಜಾಹೀರಾತು. ಬ್ಯಾಂಕ್‌ಗಳು ತಮ್ಮ ಸೇವೆಯ ಕರೆಗಳನ್ನು 1600ರಿಂದ ಶುರುವಾಗುವ ನಂಬರ್‌ಗಳಿಂದಲೇ ಮಾಡಬೇಕು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಹೇಳಿದೆ, ವಾಣಿಜ್ಯ ಬ್ಯಾಂಕ್‌ಗಳಿಗೆ ಗಡುವು 2026ರ ಜನವರಿ 1. ಹಾಗಾಗಿ ಹತ್ತಂಕಿಯ ಮಾಮೂಲಿ ಮೊಬೈಲ್ ನಂಬರ್‌ನಿಂದ ‘ಕೆವೈಸಿ’ ಅಂದರೆ ಅಲ್ಲಿಗೇ ಕಟ್. ಹೊಸ ವ್ಯಾಪಾರಿ ಆದರೆ ಯಾವ ಮಂಡಿಯಲ್ಲಿ ಮೊದಲು ಮಾಲು ತಗೊಂಡಿದ್ದೀರಿ, ಲಾರಿ ಯಾರದು ಅಂತ ಕೇಳುತ್ತೇನೆ. ನಿಜವಾದ ವ್ಯಾಪಾರಿ ಹತ್ತು ನಿಮಿಷ ಮಾತಾಡುತ್ತಾನೆ, ಮೋಸಗಾರನಿಗೆ ಮಾತು ಸುತ್ತಿ ಬಳಸಿ ಕ್ಯೂಆರ್‌ಗೇ ಬರಬೇಕು.

ಐದಕ್ಕೆ ಮೂರು ಸ್ಟಾರ್. ಕಾಟದ ಕರೆ ಕಡಿಮೆ ಮಾಡುತ್ತದೆ, ಅಷ್ಟಕ್ಕೆ ಉಚಿತದ್ದೇ ಸಾಕು, ಈ ಸಲ ಚಂದಾ ಕಟ್ಟುವುದಿಲ್ಲ. ‘ಈ ಹೆಸರನ್ನು ಯಾರೂ ಪರಿಶೀಲಿಸಿಲ್ಲ’ ಅಂತ ಹೆಸರಿನ ಕೆಳಗೇ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ತೋರಿಸಲಿ, ಆ ಡ್ರೈವರ್ ಮೇಲಿನ ಕೆಂಪು ತೆಗೆಯಲಿ, ಆಗ ಇನ್ನೊಂದು ಸ್ಟಾರ್ ಸೇರಿಸುತ್ತೇನೆ.