ಖಾಲಿ ಪಿನ್ ಅಂತ ನಂಬಿ ಈಥರ್‌ನೆಟ್ ಮಾಡ್ಯೂಲ್ ಸುಟ್ಟುಕೊಂಡೆ

ನಿಮ್ಮ ಲೋರಾ ಐಗೇಟ್‌ಗೆ (ಕಡಿಮೆ ಪವರ್‌ನಲ್ಲಿ ದೂರ ತಲುಪುವ ಲೋರಾ ರೇಡಿಯೋ ಸಂದೇಶಗಳನ್ನು ಇಂಟರ್ನೆಟ್‌ಗೆ ದಾಟಿಸುವ ಸಾಧನ) ನೆಟ್‌ವರ್ಕ್ ಕೇಬಲ್ ಹಾಕಿ, ಅದೇ ಕೇಬಲ್‌ನಲ್ಲಿ ಕರೆಂಟ್ ಕೂಡ ಕಳಿಸೋಣ ಅಂತ ಯೋಚಿಸಿದ್ದೀರಾ? ಹಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ವಾರ ನನ್ನ ಮಾಡ್ಯೂಲ್ ಸುಟ್ಟುಹೋಯಿತು. ಅದು ಸುಡಲು ಹತ್ತು ಸೆಕೆಂಡ್ ಸಾಕಾಯಿತು, ಯಾಕೆ ಅಂತ ಗೊತ್ತಾಗಲು ನನಗೆ ಎರಡು ದಿನ ಬೇಕಾಯಿತು.

ನನ್ನ ಐಗೇಟ್ ಸರಳವಾದದ್ದು. ವೈಫೈ ಇರುವ ಒಂದು ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡ್, ಅದರ ಮೇಲೆ ಎಸ್‌ಎಕ್ಸ್1278 ರೇಡಿಯೋ. 433.775 ಮೆಗಾಹರ್ಟ್ಸ್‌ನಲ್ಲಿ ಬರುವ ಎಪಿಆರ್‌ಎಸ್ (ಹ್ಯಾಮ್ ರೇಡಿಯೋದವರು ತಾವಿರುವ ಜಾಗ, ಸಂದೇಶ ಕಳಿಸುವ ಪದ್ಧತಿ) ಪ್ಯಾಕೆಟ್‌ಗಳನ್ನು ಕೇಳಿಸಿಕೊಂಡು ಇಂಟರ್ನೆಟ್‌ಗೆ ದಾಟಿಸುತ್ತದೆ. ಕಂಬದ ಮೇಲೆ ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿದ ಮೇಲೆ ವೈಫೈ ಪದೇಪದೇ ಕಡಿದುಹೋಗುತ್ತಿತ್ತು. ರೇಡಿಯೋ ಚೆನ್ನಾಗಿ ಕೇಳಿಸಿಕೊಳ್ಳುತ್ತಿದೆ, ಆದರೆ ಕೇಳಿಸಿಕೊಂಡದ್ದು ಮುಂದಕ್ಕೆ ಹೋಗುತ್ತಿಲ್ಲ. ಅದಕ್ಕೇ ಡಬ್ಲ್ಯೂ5500 ಚಿಪ್ ಇರುವ ಒಂದು ಈಥರ್‌ನೆಟ್ ಮಾಡ್ಯೂಲ್ ತಂದು ಬೋರ್ಡ್‌ನ ಎಸ್‌ಪಿಐ (ಚಿಪ್‌ಗಳ ನಡುವೆ ಡೇಟಾ ಸಾಗಿಸುವ) ಪಿನ್‌ಗಳಿಗೆ ಬೆಸುಗೆ ಹಾಕಿದೆ.

ಮೊದಲ ತೊಂದರೆ ಅಲ್ಲೇ ಶುರುವಾಯಿತು, ಆದರೆ ಅದು ಸಣ್ಣದು. ಮಾಡ್ಯೂಲ್‌ಗೆ ಬೇಕಾದ 3.3 ವೋಲ್ಟನ್ನು ಬೋರ್ಡ್‌ನಿಂದಲೇ ತೆಗೆದುಕೊಂಡಿದ್ದೆ. ಡಬ್ಲ್ಯೂ5500 ಒಂದೇ ಸುಮಾರು 130 ಮಿಲಿಆಂಪ್ ಎಳೆಯುತ್ತದೆ. ರೇಡಿಯೋ ಪೂರ್ತಿ ಪವರ್‌ನಲ್ಲಿ ಟ್ರಾನ್ಸ್‌ಮಿಟ್ ಮಾಡುವಾಗ ಇನ್ನೊಂದು 120. ಮೇಲೆ ವೈಫೈ ಕೂಡ ಆನ್ ಇತ್ತು. ಪ್ರತಿ ಸಲ ಬೀಕನ್ (ನಾನಿದ್ದೇನೆ ಅಂತ ತಿಳಿಸುವ ಪ್ಯಾಕೆಟ್) ಕಳಿಸುವಾಗಲೂ ಬೋರ್ಡ್ ರೀಸೆಟ್ ಆಗುತ್ತಿತ್ತು. ಮಾಡ್ಯೂಲ್‌ಗೆ ಬೇರೆ ರೆಗ್ಯುಲೇಟರ್ ಕೊಟ್ಟು, ಗ್ರೌಂಡ್ ಒಂದೇ ಮಾಡಿ, ವೈಫೈ ಆಫ್ ಮಾಡಿದ ಮೇಲೆ ಸರಿಹೋಯಿತು.

ನಿಜವಾದ ಪೆಟ್ಟು ಬಿದ್ದದ್ದು ಪಿಒಇ, ಅಂದರೆ ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕಳಿಸುವ ವಿಷಯದಲ್ಲಿ. ಮೇಲಕ್ಕೆ ಎರಡು ವೈರ್ ಎಳೆಯುವುದು ಬೇಡ ಅಂತ 24 ವೋಲ್ಟಿನ ಪ್ಯಾಸಿವ್ ಇಂಜೆಕ್ಟರ್ ತಂದಿದ್ದೆ. ಕೆಳಗೆ ಕೇಬಲ್‌ಗೆ ಕರೆಂಟ್ ಸೇರಿಸುವ ಇಂಜೆಕ್ಟರ್, ಮೇಲೆ ಕರೆಂಟನ್ನೂ ಡೇಟಾವನ್ನೂ ಬೇರೆ ಮಾಡುವ ಸ್ಪ್ಲಿಟ್ಟರ್. ಕೇಬಲ್‌ನ 4 ಮತ್ತು 5ನೇ ಪಿನ್ ಪ್ಲಸ್, 7 ಮತ್ತು 8 ಮೈನಸ್. ಡೇಟಾ ಓಡುವುದು 1, 2, 3, 6ರಲ್ಲಿ. ಮೂರು ವಾರ ಏನೂ ತೊಂದರೆ ಇಲ್ಲದೆ ನಡೆಯಿತು.

ಆಮೇಲೆ ಒಂದು ದಿನ ಸಾಫ್ಟ್‌ವೇರ್ ಬದಲಿಸಲು ಬೋರ್ಡನ್ನು ಕೆಳಗೆ ಇಳಿಸಿದೆ. ಮೇಜಿನ ಮೇಲೆ ಯುಎಸ್‌ಬಿಯಿಂದ ಪವರ್ ಕೊಟ್ಟಿದ್ದೆ. ಸ್ಪ್ಲಿಟ್ಟರ್ ಮೇಲೆಯೇ ಇತ್ತು. ಇಂಜೆಕ್ಟರ್‌ನಿಂದ ಬರುವ ಕೇಬಲನ್ನು ನೇರವಾಗಿ ಮಾಡ್ಯೂಲ್‌ಗೆ ಚುಚ್ಚಿದೆ. ಕೇಬಲ್‌ನಲ್ಲಿ ಕರೆಂಟ್ ಇದೆ ಅಂತ ನನಗೆ ಗೊತ್ತಿತ್ತು. ಆದರೆ 10/100 ಮೆಗಾಬಿಟ್ ಈಥರ್‌ನೆಟ್‌ನಲ್ಲಿ ಆ ನಾಲ್ಕು ಪಿನ್ ಖಾಲಿ, ಅಲ್ವಾ? ಖಾಲಿ ಪಿನ್‌ಗೆ ವೋಲ್ಟ್ ಬಂದರೆ ಏನಾಗುತ್ತದೆ ಅಂತ ಅಂದುಕೊಂಡೆ.

ಲಿಂಕ್ ಲೈಟ್ ಹತ್ತಿತು. ಖುಷಿಯಾಗಿ ಸ್ಕ್ರೀನ್ ಕಡೆ ತಿರುಗಿದೆ. ಅಷ್ಟರಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ. ಜ್ಯಾಕ್‌ನ ಸಂದಿಯಿಂದ ದಾರದಷ್ಟು ತೆಳ್ಳಗೆ ಹೊಗೆ ಬರುತ್ತಿತ್ತು, ಹಸಿರು ಲೈಟ್ ಮಾತ್ರ ಇನ್ನೂ ಮಿನುಗುತ್ತಲೇ ಇತ್ತು. ಕೇಬಲ್ ಕೀಳಲು ಹೋದರೆ ಜ್ಯಾಕ್‌ನ ಲೋಹದ ಕವಚ ಬೆರಳು ಸುಡುವಷ್ಟು ಕಾದಿತ್ತು.

ಮೊದಲು ನನ್ನ ಬೆಸುಗೆಯ ಮೇಲೇ ಅನುಮಾನ. ಎಲ್ಲೋ ಶಾರ್ಟ್ ಆಗಿದೆ ಅಂತ ಎರಡು ದಿನ ಹುಡುಕಿದೆ. ಕೊನೆಗೆ ಜ್ಯಾಕ್‌ನ ಕವಚ ಬಿಡಿಸಿ ನೋಡಿದಾಗ ಒಳಗೆ ಪುಟ್ಟ ರೆಸಿಸ್ಟರ್‌ಗಳಿದ್ದವು, ಎರಡು ಸುಟ್ಟು ಕರಕಲಾಗಿದ್ದವು. ಅಂದರೆ ಆ ಪಿನ್‌ಗಳು ಖಾಲಿ ಅಲ್ಲ. ಡೇಟಾ ಹೋಗದ ಜೋಡಿಗಳಲ್ಲಿ ನಾಯ್ಸ್ ಅಲೆದಾಡಬಾರದು ಅಂತ, ಎಷ್ಟೋ ಜ್ಯಾಕ್‌ಗಳಲ್ಲಿ ಪ್ರತಿ ಜೋಡಿಗೂ ಒಂದು 75 ಓಮ್ ರೆಸಿಸ್ಟರ್ ಹಾಕಿ ಎಲ್ಲವನ್ನೂ ಒಂದೇ ಕಡೆ ಸೇರಿಸಿರುತ್ತಾರೆ. ಹೀಗಾಗಿ ಪ್ಲಸ್ ಜೋಡಿಗೂ ಮೈನಸ್ ಜೋಡಿಗೂ ನಡುವೆ ಇರುವುದು ಬರೀ 150 ಓಮ್. 24 ವೋಲ್ಟ್ ಕೊಟ್ಟರೆ 160 ಮಿಲಿಆಂಪ್ ಹರಿಯುತ್ತದೆ. ಒಟ್ಟು 3.8 ವಾಟ್! ಸಾಸಿವೆ ಗಾತ್ರದ ರೆಸಿಸ್ಟರ್ ಅದನ್ನು ಹೇಗೆ ತಡೆದೀತು? 48 ವೋಲ್ಟ್ ಆಗಿದ್ದರೆ 15 ವಾಟ್ ದಾಟುತ್ತಿತ್ತು.

ಪಿಒಇಗೆ ಮಾಡಿದ ಜ್ಯಾಕ್‌ಗಳಲ್ಲಿ ರೆಸಿಸ್ಟರ್ ಜೊತೆ ಸಾಲಾಗಿ ಕೆಪಾಸಿಟರ್ ಇರುತ್ತದೆ, ಡಿಸಿ ಅಲ್ಲೇ ನಿಲ್ಲುತ್ತದೆ. ನನ್ನ ಜ್ಯಾಕ್‌ನಲ್ಲಿ ಅದು ಇರಲಿಲ್ಲ. ಮಾರಿದವರು ಕೊಟ್ಟ ಹಾಳೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಇಂಜೆಕ್ಟರ್ ಮೇಲೂ ಸುಮ್ನೆ ‘ಪಿಒಇ’ ಅಂತ ಬರೆದಿದ್ದಾರೆ. ನನಗೆ ಜಾಸ್ತಿ ಬೇಜಾರಾದದ್ದು ಇದಕ್ಕೇ. 2003ರಲ್ಲಿ ಬಂದ 802.3ಎಎಫ್ ಎಂಬ ಪಿಒಇ ಮಾನದಂಡದ ಪ್ರಕಾರ ನಡೆಯುವ ಸ್ವಿಚ್ ಮೊದಲು ಸಣ್ಣ ವೋಲ್ಟೇಜ್ ಬಿಟ್ಟು, ಆ ಕಡೆ 25 ಕಿಲೋಓಮ್ ಇದೆಯೇ ಅಂತ ಪರೀಕ್ಷಿಸುತ್ತದೆ. ಇದ್ದರೆ ಮಾತ್ರ ಪವರ್ ಕೊಡುತ್ತದೆ. ಪ್ಯಾಸಿವ್ ಇಂಜೆಕ್ಟರ್ ಏನನ್ನೂ ಕೇಳುವುದಿಲ್ಲ. ಆನ್ ಮಾಡಿದ ಕೂಡಲೇ ವೋಲ್ಟ್ ವೈರ್‌ನಲ್ಲಿರುತ್ತದೆ. ಹೆಸರು ಒಂದೇ, ಕೆಲಸ ಪೂರ್ತಿ ಬೇರೆ.

ಹೊಸ ಮಾಡ್ಯೂಲ್ ತಂದ ಮೇಲೆ ನಾನು ಮೊದಲು ಮಾಡಿದ್ದು ಅಳತೆ. ಒಂದು ಹಳೆಯ ಕೇಬಲ್ ತುಂಡು ಜ್ಯಾಕ್‌ಗೆ ಹಾಕಿ, ಇನ್ನೊಂದು ತುದಿಯಲ್ಲಿ ನೀಲಿ ವೈರ್‌ಗೂ ಕಂದು ವೈರ್‌ಗೂ ಮಲ್ಟಿಮೀಟರ್ ಹಿಡಿದೆ. ನೀಲಿ 4ನೇ ಪಿನ್, ಕಂದು 8. ಮೀಟರ್ 150 ಓಮ್ ತೋರಿಸಿತು, ಅಂದರೆ ಇದೂ ಅದೇ ಜಾತಿ. ನಿಮ್ಮದೂ 150ರ ಆಸುಪಾಸು ತೋರಿಸಿದರೆ ಆ ಜ್ಯಾಕ್ ಹತ್ತಿರ ಪ್ಯಾಸಿವ್ ಪಿಒಇ ಸುಳಿಯಲೂ ಬಿಡಬೇಡಿ. ಅಳೆಯುವಾಗ ಬೋರ್ಡ್‌ಗೆ ಪವರ್ ಇರಬಾರದು.

ಇನ್ನೊಂದು ಮಾತು. ನನ್ನ ಸ್ಪ್ಲಿಟ್ಟರ್‌ನಲ್ಲಿ ವೋಲ್ಟೇಜ್ ಇಳಿಸುವ ಕನ್ವರ್ಟರ್ ಇದೆ, ಅದು ರೇಡಿಯೋ ಪಕ್ಕದಲ್ಲೇ ಕೂತರೆ ನಾಯ್ಸ್ ಮಾಡುತ್ತದೆ. ನನ್ನಲ್ಲಿ ದೂರದ ಸ್ಟೇಷನ್‌ಗಳ ಪ್ಯಾಕೆಟ್ ಕಡಿಮೆಯಾಗಿದ್ದವು. ಸ್ಪ್ಲಿಟ್ಟರನ್ನು ಪೆಟ್ಟಿಗೆಯಿಂದ ಹೊರಗೆ ಬೇರೆ ಡಬ್ಬಿಯಲ್ಲಿಟ್ಟು, ಕೇಬಲ್‌ಗೆ ನಾಯ್ಸ್ ತಡೆಯುವ ಫೆರೈಟ್ ಉಂಗುರ ಹಾಕಿ, ಡಬ್ಲ್ಯೂ5500ನ್ನು 10 ಮೆಗಾಬಿಟ್‌ಗೆ ಇಳಿಸಿದೆ. ಲೋರಾದಲ್ಲಿ ಬರುವುದೇ ಸೆಕೆಂಡಿಗೆ ಸುಮಾರು 300 ಬಿಟ್, 100 ಮೆಗಾಬಿಟ್ ಲಿಂಕ್ ಅಲ್ಲಿ ಯಾಕೆ ಬೇಕು? ದೂರದವರು ಮತ್ತೆ ಕೇಳಿಸುತ್ತಿದ್ದಾರೆ.

ಈಗ ಸ್ಪ್ಲಿಟ್ಟರನ್ನು ಕೇಬಲ್ ತುದಿಗೇ ಟೇಪ್ ಸುತ್ತಿ ಖಾಯಂ ಮಾಡಿದ್ದೇನೆ, ಬಿಚ್ಚಬೇಕಾದರೆ ಚಾಕು ಬೇಕು. ಕೆಳಗೆ ಇಂಜೆಕ್ಟರ್‌ನಿಂದ ಹೊರಡುವ ಪ್ಲಗ್‌ಗೆ ಕೆಂಪು ಟೇಪ್ ಹಾಕಿ ‘24 ವೋಲ್ಟ್’ ಅಂತ ಬರೆದಿದ್ದೇನೆ. ಮೇಜಿನ ಕೆಲಸಕ್ಕೆ ರೌಟರ್‌ನಿಂದ ನೇರವಾಗಿ ಬರುವ ಬೇರೆ ಕೇಬಲ್ ಇಟ್ಟಿದ್ದೇನೆ.